ಕಮಲಾಪುರದ ಕೆಂಪು ಬಾಳಿ, ಕಾಡಬಾಳಿ ಬೀಜ

ನಿನ್ನಿ ಹುಮನಾಬಾದ್ ಕಡಿಂದ ಬರೋವಾಗ ಕಮಲಾಪುರದಾಗ ಗಾಡಿ ನಿಲ್ಲಿಸಿ ಅರ್ಧ ಡಜನ್ ಕೆಂಪು ಬಾಳಿಹಣ್ಣು ತಗೊಂಡೆ, ರೇಟ್ ಕೇಳಿ ಎದಿ ಝಲ್ ಅಂತು, ಜಿಐ ಟ್ಯಾಗ್ ಇರೋ ಹಣ್ಣು ಅಲ್ಲೇನ್ರಿ. ಮಾರೋ ಕಾಕಾ ಅಂದ್ರು, "ಸೊರಗು ರೋಗ ಬಿತ್ತಂದ್ರ ಗಡ್ಡಿ ಸಮೇತ ಕಿತ್ತ ಒಗಿಬೇಕ್ರಿ ಸರ, ಎಣ್ಣಿ ಹೊಡದ್ರ ಏನೂ ಆಗಲ್ಲ."

ಖರೇನ ಅದ. ಪನಾಮಾ ಸೊರಗು ಅಂತಾರಲ್ಲ, ಆ ಫ್ಯುಸೇರಿಯಂ ಶಿಲೀಂಧ್ರ ಮಣ್ಣಾಗ ಹತ್ತಾರು ವರ್ಷ ಕುಂತಿರ್ತದ. 1950ರ ದಶಕದಾಗ ಎಕ್ಸ್‌ಪೋರ್ಟ್ ಆಗ್ತಿದ್ದ ಗ್ರೋ ಮಿಶೆಲ್ ಅನ್ನೋ ಬಾಳಿ ತಳಿ ತೋಟಗಳು ಇದರಿಂದಾನೇ ಹಾಳಾದ್ವು, ಆಮ್ಯಾಲ ಅದರ ಜಾಗಕ್ಕ ಕ್ಯಾವೆಂಡಿಶ್ ತಳಿ ಬಂತು, ಈಗ ಅದೇ ಶಿಲೀಂಧ್ರದ ಟಿಆರ್4 ಅನ್ನೋ ಹೊಸ ನಮೂನಿ ಅದಕ್ಕೂ ಗಂಟು ಬಿದ್ದದ. ನಾವು ತಿನ್ನೋ ಬಾಳಿಗಿ ಬೀಜಾನೇ ಇಲ್ಲ, ಮರಿ ಕಿತ್ತು ಹಚ್ಚೋದು, ಅಂದ್ರ ತೋಟ ಪೂರ್ತಿ ಒಂದೇ ಗಿಡ ಇದ್ದಂಗ, ಒಂದಕ್ಕ ಬಂದದ್ದು ಎಲ್ಲಾದಕ್ಕೂ ಬಂತು. ರೋಗ ತಡಿಯೋ ತಳಿಗಂತ ಕ್ರಾಸ್ ಮಾಡೋಣಂದ್ರ ನೂರಾರು ಗೊನಿ ಕೈಲೆ ಪರಾಗ ಹಚ್ಚಿದ್ರೂ ಸಿಗೋದು ಬೆರಳೆಣಿಕಿ ಬೀಜ.

ರೋಗ ತಡಿಯೋ ತಾಕತ್ತು ಇರೋದು ಕಲ್ಲಿನಂಥ ಬೀಜ ತುಂಬಿದ, ಯಾರೂ ತಿನ್ನದ ಕಾಡಬಾಳಿಯಾಗ! ಅಂಥದ್ದೊಂದು ಕಾಡಬಾಳಿ ಜೀನ್ ತಗದು ಕ್ಯಾವೆಂಡಿಶ್‌ಗೆ ಸೇರಿಸಿದ ಕ್ಯೂಸಿಎವಿ-4 ಅನ್ನೋ ಬಾಳಿಗಿ 2024ರಾಗ ಆಸ್ಟ್ರೇಲಿಯಾದಾಗ ಒಪ್ಪಿಗಿ ಸಿಕ್ಕದ.

ಮನಿಗಿ ಬಂದು ಸುಲದ್ರ ನಡುವ ಸಣ್ಣ ಕರಿ ಚುಕ್ಕಿ ಕಂಡ್ವು, ಬೀಜ ಆಗಬೇಕಾಗಿದ್ದವು. ಮಗಳಿಗಿ ತೋರಸೋಣಂತ ಕರದೆ, ಅಷ್ಟರಾಗ ಆಕಿ ಉಳಿದ ಐದೂ ಖಾಲಿ ಮಾಡಿದ್ಲು.