ಮೂವತ್ತು ಗೆಜ್ಜೆಪಟ್ಟಿಗಳು ವಾಪಸ್ ಬಂದಾಗ

ದಾವಣಗೆರೆಯ ಹಳೆಯ ಪೇಟೆಯ ಸಣ್ಣ ಅಂಗಡಿಯೊಂದರಲ್ಲಿ ನಾನು ಹತ್ತೊಂಬತ್ತು ವರ್ಷಗಳಿಂದ ಚರ್ಮದ ಬೆಲ್ಟು, ಚೀಲ ಮತ್ತು ಎತ್ತಿನ ಕೊರಳಪಟ್ಟಿಗಳನ್ನು ಮಾಡುತ್ತಿದ್ದೇನೆ. ಕೆಲಸ ಶುರುಮಾಡಿದ ನಾಲ್ಕನೆಯ ವರ್ಷ, ಕಾರಹುಣ್ಣಿಮೆಗೆ ಇನ್ನೂ ಒಂದೂವರೆ ತಿಂಗಳಿರುವಾಗ, ಜಗಳೂರು ಕಡೆಯ ಹಳ್ಳಿಯಿಂದ ಮೂವತ್ತು ಗೆಜ್ಜೆಪಟ್ಟಿಗಳಿಗೆ ಬೇಡಿಕೆ ಬಂದಿತ್ತು. ಅಷ್ಟು ದೊಡ್ಡ ಕೆಲಸ ನನಗೆ ಅದೇ ಮೊದಲನೆಯದು. ಒಳ್ಳೆಯ ಚಕ್ಕಳ ತಂದೆ, ಹೊಲಿಗೆಯನ್ನು ಎರಡು ಸೂಜಿಯಲ್ಲಿ ಕೈಯಿಂದಲೇ ಹಾಕಿದೆ; ಚರ್ಮದ ಪದರಗಳನ್ನು ಬಿಗಿಯುವ ಲೋಹದ ರಿವೆಟ್ಟುಗಳನ್ನು ಮಾತ್ರ ಕೊನೆಯ ವಾರದಲ್ಲಿ, ಬೆಲೆ ಕೇಳಿ, ಹೊಳಪು ನೋಡಿ ತಂದೆ.

ಹಬ್ಬ ಕಳೆದು ಹತ್ತು ದಿನವಾಗಿರಬಹುದು, ಆ ಊರಿನ ಹಿರಿಯರೊಬ್ಬರು ಗೋಣಿಚೀಲವನ್ನು ಅಂಗಡಿಯ ಕಟ್ಟೆಯ ಮೇಲೆ ಸುರಿದು, "ಏನ್ ತಮ್ಮಾ, ಬಿಳೇ ಎತ್ತಿನ ಕೊಳ್ಳಿಗೆ ಮಸಿ ಬಳದಂಗಾಗೇತಲ್ಲ" ಎಂದರು. ಪಟ್ಟಿಯ ಪ್ರತಿಯೊಂದು ರಿವೆಟ್ಟಿನ ಸುತ್ತ ನಾಲ್ಕಾಣೆ ಅಗಲದ ನೀಲಿಗಪ್ಪು ಕಲೆ ಮೂಡಿತ್ತು. ಬಣ್ಣ ಬಿಟ್ಟಿರಬೇಕು ಎಂದುಕೊಂಡೆ, ಆದರೆ ಆ ಪಟ್ಟಿಗಳಿಗೆ ನಾನು ಬಣ್ಣವನ್ನೇ ಹಾಕಿರಲಿಲ್ಲ. ಅಯಸ್ಕಾಂತ ಹಿಡಿದು ನೋಡಿದಾಗ ಸಂಗತಿ ತಿಳಿಯಿತು: ಹಿತ್ತಾಳೆಯಂತೆ ಹೊಳೆಯುತ್ತಿದ್ದ ರಿವೆಟ್ಟುಗಳು ತೆಳುವಾದ ಲೇಪವಿದ್ದ ಕಬ್ಬಿಣದವು.

ನಾನು ಬಳಸಿದ್ದು ತೊಗಟೆಯಲ್ಲಿ ಹದ ಮಾಡಿದ ಚಕ್ಕಳ. ಹಿಂದೆ ನಮ್ಮ ಕಡೆ ಈ ಹದಕ್ಕೆ ತಂಗಡಿ ಚಕ್ಕೆ, ಅಳಲೆಕಾಯಿಗಳನ್ನು ಬಳಸುತ್ತಿದ್ದರು. ಹಿರಿಯೂರು, ಚಳ್ಳಕೆರೆ ದಾರಿಯ ಬದಿಯಲ್ಲಿ ಹಳದಿ ಹೂ ಬಿಟ್ಟು ನಿಲ್ಲುವ ಗಿಡವೇ ಈ ತಂಗಡಿ. ಈಗ ಹೆಚ್ಚಾಗಿ ವಾಟಲ್ ಮರದ ತೊಗಟೆಯ ಸತ್ವ ಬರುತ್ತದೆ. ಯಾವುದಾದರೂ ಸರಿ, ಅದರಲ್ಲಿರುವ ಟ್ಯಾನಿನ್ ಎಂಬ ಒಗರು ಚರ್ಮದಲ್ಲಿಯೇ ಉಳಿದಿರುತ್ತದೆ. ಅದಕ್ಕೆ ನೀರು ಮತ್ತು ಕಬ್ಬಿಣ ಸೇರಿದರೆ ಕಪ್ಪು ಬಣ್ಣ ಹುಟ್ಟುತ್ತದೆ, ಗಾಳಿ ತಗುಲಿದಂತೆ ಆ ಕಪ್ಪು ಇನ್ನಷ್ಟು ಗಾಢವಾಗುತ್ತದೆ. ಕಾಳಹಸ್ತಿಯ ಕಲಂಕಾರಿ ಬಟ್ಟೆಯ ಕಪ್ಪು ಗೆರೆ ಮೂಡುವುದೂ ಹೀಗೆಯೇ: ಬಟ್ಟೆಯನ್ನು ಅಳಲೆಕಾಯಿ ರಸದಲ್ಲಿ ಅದ್ದಿ, ಕಬ್ಬಿಣ ಮತ್ತು ಬೆಲ್ಲ ಕೊಳೆಸಿದ ನೀರಿನಿಂದ ಅದರ ಮೇಲೆ ಬರೆಯುತ್ತಾರೆ. ಎತ್ತುಗಳನ್ನು ಮೈತೊಳೆದು, ಓಡಿಸಿ, ಮುಂಗಾರಿನ ಮಳೆಯಲ್ಲಿ ನಿಲ್ಲಿಸಿದಾಗ ಬೆವರಿನ ಉಪ್ಪು ಲೇಪವನ್ನು ತಿಂದಿತು. ಉಳಿದ ಕೆಲಸವನ್ನು ನೀರು ಮಾಡಿ ಮುಗಿಸಿತು. ಮಾರಿದವನನ್ನು ಬಯ್ಯಬಹುದಿತ್ತು, ಆದರೆ ಅವನು ಹಿತ್ತಾಳೆ ಎಂದು ಹೇಳಿರಲಿಲ್ಲ, ನಾನೂ ಕೇಳಿರಲಿಲ್ಲ.

ಅಂದಿನಿಂದ ಯಾವುದೇ ಬಕಲ್, ಡಿ ರಿಂಗ್, ರಿವೆಟ್ ಕೊಳ್ಳುವಾಗಲೂ ನನ್ನ ಜೇಬಿನಲ್ಲಿ ಅಯಸ್ಕಾಂತದ ಚೂರು ಮತ್ತು ಸಣ್ಣ ಅರ ಇರುತ್ತವೆ. ಅಯಸ್ಕಾಂತಕ್ಕೆ ಗಟ್ಟಿಯಾಗಿ ಅಂಟಿದ್ದನ್ನು ತೊಗಟೆ ಹದದ ಚಕ್ಕಳಕ್ಕೆ ಬಳಸುವುದಿಲ್ಲ. ಅಂಟದಿದ್ದ ಮಾತ್ರಕ್ಕೆ ಅದು ಹಿತ್ತಾಳೆ ಎಂದು ನಂಬುವಂತಿಲ್ಲ, ಏಕೆಂದರೆ ಸತುವಿನ ಎರಕದ ಬಕಲ್ಲುಗಳೂ ಅಯಸ್ಕಾಂತಕ್ಕೆ ಅಂಟುವುದಿಲ್ಲ. ಒಳಬದಿಯಲ್ಲಿ ಅರದಿಂದ ಒಮ್ಮೆ ಉಜ್ಜಿದರೆ ಹಿತ್ತಾಳೆ ಒಳಗೂ ಹಳದಿಯಾಗಿಯೇ ಕಾಣುತ್ತದೆ, ಸತುವಾದರೆ ಬೂದುಬಿಳುಪು ಹೊರಬೀಳುತ್ತದೆ. ಕೈಯಲ್ಲಿ ತೂಗಿದರೂ ಅದೇ ಗಾತ್ರದ ಹಿತ್ತಾಳೆಗಿಂತ ಸತು ಹಗುರ. ಹೆಂಗಸರ ಕೈಚೀಲಕ್ಕೆ ಸತುವಿನ ಬಕಲ್ ಸಾಕು, ಎತ್ತು ಎಳೆಯುವ ಪಟ್ಟಿಗೆ ಬೇಡ, ಅದು ಬಾಗುವ ಬದಲು ಮುರಿಯುತ್ತದೆ. ಹಿತ್ತಾಳೆಗೂ ತಾಮ್ರಕ್ಕೂ ಒಂದು ದೋಷವಿದೆ: ಚರ್ಮದೊಳಗಿನ ಕೊಬ್ಬು, ಎಣ್ಣೆಗಳ ಜೊತೆ ಸೇರಿ ರಿವೆಟ್ಟಿನ ಬುಡದಲ್ಲಿ ಹಸಿರು ಕಿಲುಬು ಕಟ್ಟುತ್ತದೆ. ಇದನ್ನು ಒಣಬಟ್ಟೆಯಿಂದಲೋ ಹಳೆಯ ಹಲ್ಲುಜ್ಜುವ ಬ್ರಷ್ಷಿನಿಂದಲೋ ಒರೆಸಿ ತೆಗೆಯಬಹುದು, ಕಪ್ಪು ಕಲೆಯಂತೆ ಅದು ಒಳಕ್ಕೆ ಇಳಿಯುವುದಿಲ್ಲ.

ರಿವೆಟ್ಟಿನ ಉದ್ದದ ವಿಷಯದಲ್ಲಿಯೂ ಹೊಸಬರು ಎಡವುತ್ತಾರೆ. ಟೋಪಿ ರಿವೆಟ್ಟಿನ ಕಾಲು ಚರ್ಮದಿಂದಾಚೆ ಸುಮಾರು 3 ಮಿಲಿಮೀಟರ್ ಹೊರಬಂದಿರಬೇಕು. ಅದಕ್ಕಿಂತ ಉದ್ದವಿದ್ದರೆ ಹೊಡೆದಾಗ ಒಳಗೆ ಸೊಟ್ಟಗಾಗುತ್ತದೆ, ಗಿಡ್ಡವಾದರೆ ಕಚ್ಚಿಕೊಳ್ಳುವುದಿಲ್ಲ. ಭಾರ ಹೊರುವ ಜಾಗಕ್ಕೆ ನಾನು ವಾಷರ್ ಸಹಿತದ ಗಟ್ಟಿ ತಾಮ್ರದ ರಿವೆಟ್ಟನ್ನೇ ಹೊಡೆಯುತ್ತೇನೆ.

ಚಕ್ಕಳವನ್ನು ಆರಿಸುವುದು ಇದಕ್ಕಿಂತ ನಿಧಾನದ ವಿದ್ಯೆ. ಮೊದಲು ನೋಡಬೇಕಾದದ್ದು ಕತ್ತರಿಸಿದ ಅಂಚು. ಕ್ರೋಮ್ ಹದದ, ಅಂದರೆ ಕ್ರೋಮಿಯಂ ಲವಣದಲ್ಲಿ ಹದ ಮಾಡಿದ ಚರ್ಮದ ನಡುವೆ ಸಾಮಾನ್ಯವಾಗಿ ನೀಲಿಬೂದು ಛಾಯೆ ಇರುತ್ತದೆ, ತೊಗಟೆ ಹದದ್ದು ಒಳಗೂ ಕಂದು. ಸಂಶಯವಿದ್ದರೆ ಒಂದು ಚೂರನ್ನು ಸುಟ್ಟು ನೋಡುತ್ತೇನೆ. ಕ್ರೋಮಿನ ಬೂದಿಗೆ ಹಸಿರು ಬಣ್ಣವಿರುತ್ತದೆ. ಕ್ರೋಮ್ ಚರ್ಮ ಮೆತ್ತಗಿದ್ದು ನೀರನ್ನು ಚೆನ್ನಾಗಿ ತಾಳುತ್ತದೆ, ಚೀಲಕ್ಕೂ ಜಾಕೆಟ್ಟಿಗೂ ಒಗ್ಗುತ್ತದೆ, ಆದರೆ ಅದರ ಮೇಲೆ ಅಚ್ಚು ಒತ್ತಿದರೆ ನಿಲ್ಲುವುದಿಲ್ಲ, ಅಂಚನ್ನು ಉಜ್ಜಿದರೆ ಹೊಳಪು ಏರುವುದಿಲ್ಲ. ಬೆಲ್ಟು, ಪಟ್ಟಿ, ಒರೆಗಳಿಗೆ ತೊಗಟೆ ಹದದ್ದೇ ಬೇಕು.

ಆಮೇಲೆ ಚರ್ಮದ ಯಾವ ಭಾಗ ಎಂಬ ಪ್ರಶ್ನೆ. ಬೆನ್ನೆಲುಬಿನ ಎರಡೂ ಬದಿಗೆ, ಹಿಂಭಾಗದತ್ತ ಇರುವ ಚಕ್ಕಳದಲ್ಲಿ ಎಳೆಗಳು ಒತ್ತಾಗಿರುತ್ತವೆ; ಹೊಟ್ಟೆಯ ಕಡೆಗೆ ಸರಿದಂತೆ ಸಡಿಲವಾಗುತ್ತವೆ. ಬೆಲ್ಟನ್ನು ಬೆನ್ನೆಲುಬಿಗೆ ಸಮಾನಾಂತರವಾಗಿ, 3.5 ರಿಂದ 4 ಮಿಲಿಮೀಟರ್ ದಪ್ಪದಲ್ಲಿ ಕತ್ತರಿಸಿದರೆ ಅದು ವರ್ಷಗಟ್ಟಲೆ ಹಿಗ್ಗದೆ ಇರುತ್ತದೆ. ವ್ಯಾಪಾರಿ ಅಳೆಯುವುದು ಚದರ ಅಡಿಯ ಲೆಕ್ಕದಲ್ಲಿ. ಹೊಟ್ಟೆಯ ಅಡಿಗೂ ಬೆನ್ನಿನ ಅಡಿಗೂ ಅವನ ಚೀಟಿಯಲ್ಲಿ ಒಂದೇ ದರ. ಆದ್ದರಿಂದ ಅಗ್ಗವಾಗಿ ಕಂಡ ಹಾಳೆಯಲ್ಲಿ ಹೊಟ್ಟೆಯೇ ಹೆಚ್ಚಿದ್ದರೆ ಅದು ಅಗ್ಗವಲ್ಲ. ಅನುಮಾನವಿದ್ದ ಜಾಗವನ್ನು ಹೊರಮೈ ಒಳಗೆ ಬರುವಂತೆ ಮಡಚಿ ನೋಡಿ. ದೊಡ್ಡ ದೊಡ್ಡ ಸುಕ್ಕುಗಳು ಎದ್ದರೆ ಆ ತುಂಡನ್ನು ಒಳಪದರಕ್ಕೆ ಮಾತ್ರ ಇಟ್ಟುಕೊಳ್ಳಿ.

ಎಣ್ಣೆಯ ವಿಷಯಕ್ಕೆ ಬಂದರೆ, ನಮ್ಮ ಸೀಮೆಯಲ್ಲಿ ಚರ್ಮ ಕೆಡುವುದು ಎಣ್ಣೆ ಇಲ್ಲದೆ ಅಲ್ಲ, ಎಣ್ಣೆ ಹೆಚ್ಚಾಗಿ. ಚಳ್ಳಕೆರೆಯನ್ನು ಎಣ್ಣೆಯ ಊರು ಎನ್ನುತ್ತಾರೆ, ಶೇಂಗಾ ಎಣ್ಣೆ ಅಲ್ಲಿ ಮನೆಮನೆಯಲ್ಲಿದೆ. ಆ ಕಡೆಯ ಗಿರಾಕಿಯೊಬ್ಬರು ನಾನು ಮಾಡಿಕೊಟ್ಟ ಹಣದ ಚೀಲವನ್ನು ಭಾನುವಾರಕ್ಕೊಮ್ಮೆ ಶೇಂಗಾ ಎಣ್ಣೆಯಲ್ಲಿ ಮೀಯಿಸಿ, ಆರು ತಿಂಗಳಲ್ಲಿ ಮರಳಿ ತಂದಾಗ ಅದರ ಪಟ್ಟಿ ಎರಡು ಬೆರಳು ಹಿಗ್ಗಿತ್ತು, ಒಳಗಿನ ನೋಟುಗಳು ಜಿಡ್ಡಾಗಿದ್ದವು, ಮೂಲೆಯನ್ನು ಇಲಿ ಕಡಿದಿತ್ತು. ಅಡುಗೆಯ ಎಣ್ಣೆ ಚರ್ಮದೊಳಗೆ ಕಮಟುತ್ತದೆ. ಕೊಬ್ಬರಿ ಎಣ್ಣೆಯೂ ಇದಕ್ಕೆ ಹೊರತಲ್ಲ, ಜೊತೆಗೆ ಚಳಿಗೆ ಗಟ್ಟಿಯಾಗಿ ಮೇಲೆ ಬಿಳಿ ಪೊರೆಯಂತೆ ಕಾಣುತ್ತದೆ. ಅಗಸೆ ಎಣ್ಣೆ ಒಣಗಿ ಅಂಟಾಗಿ ಗಡುಸಾಗುವುದರಿಂದ ಅದನ್ನು ಮುಟ್ಟಲೇಬಾರದು.

ನಾನು ಬಳಸುವುದು ಹರಳೆಣ್ಣೆ ಮತ್ತು ಜೇನುಮೇಣ. ಮೂರು ಪಾಲು ಹರಳೆಣ್ಣೆಗೆ ಒಂದು ಪಾಲು ಜೇನುಮೇಣವನ್ನು ಕುದಿಯುವ ನೀರಿನ ಪಾತ್ರೆಯೊಳಗೆ ಇನ್ನೊಂದು ಪಾತ್ರೆ ಇಟ್ಟು ಕರಗಿಸಬೇಕು, ಬೆಂಕಿಯ ಮೇಲೆ ನೇರವಾಗಿ ಅಲ್ಲ. ಮೇಣ 62 ರಿಂದ 64 ಡಿಗ್ರಿ ಸೆಲ್ಸಿಯಸ್‌ಗೆ ಕರಗುತ್ತದೆ. ಮೊದಲು ಒದ್ದೆಬಟ್ಟೆಯನ್ನು ಹಿಂಡಿ ಧೂಳು ಒರೆಸಿ, ನೆರಳಿನಲ್ಲಿ ಆರಿಸಿ, ಬಟ್ಟೆಯ ಚೂರಿನಿಂದ ತೆಳುವಾಗಿ ಒಮ್ಮೆ ಸವರಿ ಒಂದು ರಾತ್ರಿ ಬಿಡುತ್ತೇನೆ. ಬೆಳಿಗ್ಗೆ ಇನ್ನೂ ಒಣಕಲಾಗಿ ಕಂಡರೆ ಮಾತ್ರ ಎರಡನೆಯ ಸಲ. ವರ್ಷಕ್ಕೆ ಎರಡು ಬಾರಿ, ಬೇಸಗೆಗೆ ಮುಂಚೆ ಮತ್ತು ಮಳೆಗೆ ಮುಂಚೆ, ಇಷ್ಟು ಸಾಕು. ಬಟ್ಟೆ ಸೋಪು ಹಾಕಿ ತೊಳೆಯಬೇಡಿ, ಅದು ಕ್ಷಾರ, ಚರ್ಮ ಹುಳಿಯ ಗುಣದ್ದು. ನೆನೆದ ಚಪ್ಪಲಿಯನ್ನು ನಮ್ಮ ಏಪ್ರಿಲ್ ಬಿಸಿಲಿಗೆ ಇಟ್ಟರೆ ಅದು ಮರದ ಚಕ್ಕೆಯಂತೆ ಸೆಟೆದುಕೊಳ್ಳುತ್ತದೆ. ಚನ್ನಗಿರಿ, ಹೊನ್ನಾಳಿ ಕಡೆಯ ಗಿರಾಕಿಗಳಿಗೆ ಇನ್ನೊಂದು ಮಾತು ಸೇರಿಸುತ್ತೇನೆ: ಮಳೆಗಾಲದಲ್ಲಿ ಚರ್ಮವನ್ನು ಪ್ಲಾಸ್ಟಿಕ್ ಚೀಲದಲ್ಲಿ ಕಟ್ಟಿಡಬೇಡಿ, ಬೂಷ್ಟು ಹಿಡಿಯುತ್ತದೆ, ಹತ್ತಿಬಟ್ಟೆಯ ಚೀಲ ಒಳ್ಳೆಯದು.

ಆ ಮೂವತ್ತು ಪಟ್ಟಿಗಳಿಗೆ ಬದಲು ಹಿತ್ತಾಳೆ ರಿವೆಟ್ಟಿನ ಹೊಸ ಪಟ್ಟಿಗಳನ್ನು ಹಣ ಪಡೆಯದೆ ಮಾಡಿಕೊಟ್ಟೆ. ಹಳೆಯವುಗಳಲ್ಲಿ ಕೆಲವಕ್ಕೆ ನಿಂಬೆರಸ ಹಚ್ಚಿದಾಗ ಕಲೆ ಸ್ವಲ್ಪ ತಿಳಿಯಾಯಿತು, ಪೂರ್ತಿ ಹೋಗಲಿಲ್ಲ. ಉಳಿದವನ್ನು ಬಿಚ್ಚಿ, ಬೆಲ್ಲ ಮತ್ತು ತುಕ್ಕು ಹಿಡಿದ ಮೊಳೆ ಕೊಳೆಸಿದ ನೀರನ್ನು ಹಚ್ಚಿ, ಇಡಿಯಾಗಿ ಕಪ್ಪು ಮಾಡಿ ಕೀಲಿಕೈ ಗೊಂಚಲುಗಳಿಗೆ ಕತ್ತರಿಸಿದೆ. ಒಂದು ತುಂಡಿನಿಂದ ಚರ್ಮ ಕತ್ತರಿಸುವ ನನ್ನ ರಂಪಿಗೆಗೆ ಒರೆ ಹೊಲಿದುಕೊಂಡೆ. ರಂಪಿಗೆಯ ಅಲಗು ಉಕ್ಕಿನದು. ಹಾಗಾಗಿ ಸಂಜೆ ಅಂಗಡಿ ಮುಚ್ಚುವಾಗ ಅದನ್ನು ಒರೆಯಿಂದ ಹೊರತೆಗೆದು, ಎಣ್ಣೆಬಟ್ಟೆಯಲ್ಲಿ ಸುತ್ತಿ ಬೇರೆಯಾಗಿ ಇಡುತ್ತೇನೆ.