ಹಾರದ ಎಂಜಿನ್‌ಗೆ ಹತ್ತು ನಿಮಿಷದ ಉಪಚಾರ ಬೇಡ

ಬಾರಾಮತಿ, ಜುಲೈ 18, 2024, ಗುರುವಾರ

ನಮ್ಮ ಪೈಲಟ್ ತರಬೇತಿ ಶಾಲೆಯಲ್ಲಿ ಈ ವಾರವೂ ಹಾರಾಟ ಇಲ್ಲ. ಇಲ್ಲಿ ಪುಣೆಯಷ್ಟು ಮಳೆ ಬೀಳುವುದಿಲ್ಲ, ಆದರೆ ಮೋಡ ಮೇಲೇಳುತ್ತಲೇ ಇಲ್ಲ. ಹ್ಯಾಂಗರ್‌ನಲ್ಲಿ ನಮ್ಮ ಪುಟ್ಟ ವಿಮಾನ ಸೆಸ್ನಾ 172 ಸುಮ್ನೆ ನಿಂತಿದೆ. ಹುಬ್ಬಳ್ಳಿಯಿಂದ ಬಂದ ಹೊಸ ಹುಡುಗ ಕೇಳಿದ, "ಕಾಕಾ, ದಿನಾ ಹತ್ತು ನಿಮಿಷ ಸ್ಟಾರ್ಟ್ ಮಾಡಿ ಬಿಟ್ರ ಎಂಜಿನ್‌ಗೆ ಚಲೋ ಅಲ್ಲೇನ್ರಿ?"

ಕಾಕಾ ನಮ್ಮ ಮೆಂಟೆನೆನ್ಸ್ ಎಂಜಿನಿಯರ್, ವಿಜಯಪುರದವರು. ಮಾತಾಡದೆ ಪಕ್ಕದ ವಿಮಾನದ ಹತ್ತಿರ ಕರೆದುಕೊಂಡು ಹೋದರು. ಅದನ್ನು ಯಾರೋ ಮೊನ್ನೆ ಹಾಗೆಯೇ ಓಡಿಸಿ ನಿಲ್ಲಿಸಿದ್ದರು. ಎಣ್ಣೆ ಮಟ್ಟ ನೋಡುವ ಡಿಪ್‌ಸ್ಟಿಕ್ ಬಿಚ್ಚಿದರೆ ಮುಚ್ಚಳದ ಒಳಗೆಲ್ಲ ನೀರಿನ ಹನಿ. ಟ್ಯೂಬಿನ ಬಾಯಲ್ಲಿ ಹಾಲು ಜಾಸ್ತಿಯಾದ ಚಹಾದಂಥ ಬಣ್ಣದ ಜಿಡ್ಡು.

"ಇದು ಮಳಿ ನೀರಲ್ಲಪಾ. ಎಂಜಿನ್ ತಾನ ಹಡೆದ ನೀರು."

ಇಂಧನ ಉರಿದಾಗ ನೀರಾವಿ ಹುಟ್ಟುತ್ತದೆ. ಅದರಲ್ಲಿ ಸ್ವಲ್ಪ ಪಿಸ್ಟನ್ ರಿಂಗ್ ದಾಟಿ ಎಣ್ಣೆಯ ಕಡೆ ಇಳಿಯುತ್ತದೆ. ಹಾರುವಾಗ ಎಣ್ಣೆ ಚೆನ್ನಾಗಿ ಕಾದು ಆ ನೀರು ಆವಿಯಾಗಿ, ಎಂಜಿನ್ ಉಸಿರು ಬಿಡುವ ಬ್ರೀದರ್ ಪೈಪಿನಿಂದ ಹೊರಗೆ ಹೋಗುತ್ತದೆ. ನೆಲದ ಮೇಲೆ ಹತ್ತು ನಿಮಿಷ ಓಡಿಸಿದರೆ ಎಣ್ಣೆ ಅಷ್ಟು ಕಾಯುವುದಿಲ್ಲ, ನೀರು ಒಳಗೇ ಉಳಿಯುತ್ತದೆ. ಹಾಗಂತ ಇನ್ನೂ ಜಾಸ್ತಿ ಹೊತ್ತು ಓಡಿಸುವುದೂ ತಪ್ಪು. ಗಾಳಿಯಿಂದ ತಣಿಯುವ ಎಂಜಿನ್ ಇದು, ನಿಂತಲ್ಲಿ ಸರಿಯಾಗಿ ಗಾಳಿ ಸಿಗುವುದಿಲ್ಲ. ತಿಂಗಳಿಗೊಮ್ಮೆಯಾದರೂ ಒಂದು ಗಂಟೆ ಎಡೆಬಿಡದೆ ಹಾರಬೇಕು, ಆಗ ಎಣ್ಣೆ ಕನಿಷ್ಠ 165 ಡಿಗ್ರಿ ಫ್ಯಾರನ್‌ಹೀಟ್ ಮುಟ್ಟಿರಬೇಕು ಎನ್ನುತ್ತದೆ ಈ ಎಂಜಿನ್ ತಯಾರಿಸುವ ಲೈಕಾಮಿಂಗ್ ಕಂಪನಿ. ಮುಂಬೈನ ಜುಹುವಿನಂಥ ಕಡಲ ಬದಿಯಲ್ಲಿ ಒಂದು ತಿಂಗಳ ಬಿಡುವೂ ಜಾಸ್ತಿಯೇ.

ನನಗೆ ಹೆಚ್ಚು ಭಯ ಕ್ಯಾಮ್‌ಶಾಫ್ಟಿನದು, ಅಂದರೆ ವಾಲ್ವ್ ತೆರೆಸುವ ಉಬ್ಬುಗಳಿರುವ ದಂಡದ್ದು. ಲೈಕಾಮಿಂಗ್‌ನಲ್ಲಿ ಅದು ಪ್ರೊಪೆಲ್ಲರ್ ತಿರುಗಿಸುವ ಮುಖ್ಯ ದಂಡ ಕ್ರ್ಯಾಂಕ್‌ಶಾಫ್ಟಿಗಿಂತ ಮೇಲಕ್ಕೆ ಇರುತ್ತದೆ. ಎಂಜಿನ್ ನಿಂತ ಮೇಲೆ ಎಣ್ಣೆಯೆಲ್ಲ ಕೆಳಗಿಳಿದು ಅದು ಬರಿದಾಗುತ್ತದೆ. ಒಂದು ಸಣ್ಣ ತುಕ್ಕಿನ ಚುಕ್ಕೆ ಎದ್ದರೆ ಸಾಕು, ಅದಕ್ಕೆ ತಾಗಿ ಓಡಾಡುವ ಟ್ಯಾಪೆಟ್ ಉಜ್ಜಿ ಉಜ್ಜಿ ಲೋಬ್, ಅಂದರೆ ಆ ಉಬ್ಬು, ಸವೆಯುತ್ತಾ ಹೋಗುತ್ತದೆ. ಬದಲಿಸಬೇಕಾದರೆ ಇಡೀ ಎಂಜಿನ್ ಬಿಚ್ಚಬೇಕು. ಓದುವ ಹುಡುಗರ ಫೀಸಿನ ದುಡ್ಡು ಅದು!

ಪ್ರೊಪೆಲ್ಲರ್ ಕೈಯಲ್ಲಿ ತಿರುಗಿಸುವುದೂ ಬೇಡ. ಸಿಲಿಂಡರ್ ಗೋಡೆಗೆ ಅಂಟಿರುವ ಚೂರು ಎಣ್ಣೆಯೂ ಒರೆಸಿಹೋಗುತ್ತದೆ. ಕಿಡಿ ಹುಟ್ಟಿಸುವ ಮ್ಯಾಗ್ನೆಟೊದ ವೈರ್ ಕೆಟ್ಟಿದ್ದರೆ ಎಂಜಿನ್ ತಟ್ಟನೆ ಸ್ಟಾರ್ಟ್ ಆಗಿ ಪ್ರಾಣಕ್ಕೇ ಕುತ್ತು.

ಮುಂದಿನ ವಾರಗಳೂ ಹೀಗೇ ಇರುವಂತೆ ಕಾಣುತ್ತದೆ. ಮಧ್ಯಾಹ್ನ ಕಾಕಾ ಎಂಜಿನ್ ಕಾಪಿಡುವ ಕೆಲಸಕ್ಕೆ ಕೈ ಹಾಕಿದರು. ಮೇಲಿನ ಸ್ಪಾರ್ಕ್ ಪ್ಲಗ್ ತೆಗೆದು ಒಳಗೆ ತುಕ್ಕುತಡೆ ಎಣ್ಣೆ ಸಿಂಪಡಿಸಿ, ಸಿಲಿಕಾ ಜೆಲ್ ತುಂಬಿದ ಪ್ಲಗ್ ಕೂರಿಸಿದೆವು. ಎಕ್ಸಾಸ್ಟ್, ಬ್ರೀದರ್ ಬಾಯಿ ಮುಚ್ಚಿದೆವು. ಪ್ರೊಪೆಲ್ಲರ್‌ಗೆ "ತಿರುಗಿಸಬೇಡಿ" ಅಂತ ಮರಾಠಿ, ಕನ್ನಡ ಎರಡರಲ್ಲೂ ಬರೆದು ಕಟ್ಟಿದೆ. ಪ್ಲಗ್‌ನ ನೀಲಿ ಕಾಳು ಗುಲಾಬಿಯಾದರೆ ತೇವ ಹೀರಿದೆ ಅಂತ ಲೆಕ್ಕ, ಕೂಡಲೇ ಬದಲಿಸಬೇಕು. ಯಾರು ಯಾವತ್ತು ನೋಡಬೇಕು ಅಂತ ಬೋರ್ಡಿನಲ್ಲಿ ಹೆಸರು ಹಾಕಿದ್ದೇವೆ.