ಲಿನಕ್ಸ್ ಪುಸ್ತಕ ಕೊಳ್ಳುವಾಗ
ಕಂಪ್ಯೂಟರ್ ನಡೆಸುವ ಲಿನಕ್ಸ್ ಎಂಬ ಆಪರೇಟಿಂಗ್ ಸಿಸ್ಟಮ್ ಬಗ್ಗೆ ಪುಸ್ತಕ ಕೊಳ್ಳುವಾಗ ಮೊದಲು ಕೊನೆಯಲ್ಲಿರುವ ಪದಸೂಚಿ ತೆರೆಯಿರಿ. ಇವತ್ತು ಕಲಬುರಗಿಯ ಸೂಪರ್ ಮಾರ್ಕೆಟ್ ಕಡೆ ಅಕ್ಕನ ಮಗನಿಗೂ ಇದನ್ನೇ ಹೇಳಿದೆ. ಪದಸೂಚಿಯಲ್ಲಿ ಸಿಎಚ್‌ಮಾಡ್ (chmod, ಫೈಲನ್ನು ಯಾರು ಏನು ಮಾಡಬಹುದು ಅಂತ ಅನುಮತಿ ಕೊಡುವ ಆದೇಶ) ಹುಡುಕಿ ಆ ಪುಟಕ್ಕೆ ಹೋಗಿ. ಅನುಮತಿಯ ಅಂಕಿ ಸುಮ್ನೆ 644 ಅಂತ ಬರೆದು, ಯಾಕೆಂದು ಹೇಳದೆ ಬಿಟ್ಟಿದ್ದರೆ ಆ ಪುಸ್ತಕ ಬೇಡ. ಓದಲು 4, ಬರೆಯಲು 2, ಓಡಿಸಲು 1. ಹಾಗಾಗಿ ಫೈಲಿನ ಒಡೆಯನಿಗೆ 4+2 ಸೇರಿ 6, ಗುಂಪಿಗೂ ಉಳಿದವರಿಗೂ ಬರೀ ಓದುವ 4. ಹೀಗೆ ಬಿಡಿಸಿ ಹೇಳಿರಬೇಕು. ಕಾರಣ ತಿಳಿದರೆ ಬಾಯಿಪಾಠ ಬೇಕಿಲ್ಲ, ಅಲ್ವಾ? ಪುಸ್ತಕ ದಪ್ಪ ಇದೆ ಅಂತ ಮರುಳಾಗಬೇಡಿ. ಅಚ್ಚಾದ ವರ್ಷ ಮಾತ್ರ ನೋಡಲೇಬೇಕು. ಸಿಸ್ಟಮ್‌ಡಿ (systemd, ಈಗಿನ ಹೆಚ್ಚಿನ ಲಿನಕ್ಸ್‌ಗಳಲ್ಲಿ ಕಂಪ್ಯೂಟರ್ ಶುರುವಾದಾಗ ಸೇವೆಗಳನ್ನು ಓಡಿಸಿ ನೋಡಿಕೊಳ್ಳುವ ತಂತ್ರಾಂಶ) ಬಗ್ಗೆ ಒಂದು ಮಾತೂ ಇಲ್ಲದಿದ್ದರೆ ಅದು ಬಹುಪಾಲು ಹಳೆಯ ಕಾಲದ್ದು. ಇಂಥ ಒಳ್ಳೆಯ ಪುಸ್ತಕ ಕನ್ನಡದಲ್ಲಿ, ನಮ್ಮ ಕಡೆ ಹುಡುಗರ ಕೈಗೆಟುಕುವ ಬೆಲೆಗೆ ಬರಬೇಕು ಅಂತ ತುಂಬಾ ಆಸೆ ನನಗೆ.